ತುಳಿದು ಮೂಡಿದ ದಾರಿಗಳೂ ಜನರೇ ಬರೆಯುವ ನಕ್ಷೆಯೂ

ನಮ್ಮ ಬಡಾವಣೆಯ ಕೊನೆಯಲ್ಲಿ ನಾಲ್ಕು ಎಕರೆಯಷ್ಟು ಖಾಲಿ ಜಮೀನೊಂದು ಬಹುಕಾಲ ಬಿದ್ದಿದ್ದಿತು. ಅದರ ಒಡೆಯರು ಪರಸ್ಥಳದಲ್ಲಿ ನೆಲಸಿದ್ದುದರಿಂದ ಹತ್ತು ಹನ್ನೊಂದು ವರ್ಷಗಳ ಕಾಲ ಅಲ್ಲಿ ಹುಲ್ಲು ಮತ್ತು ಲಂಟಾನದ ಪೊದೆಗಳ ಹೊರತು ಮತ್ತೇನೂ ಬೆಳೆಯಲಿಲ್ಲ. ಬೀದಿಯನ್ನು ಹಿಡಿದು ಸುತ್ತಿಕೊಂಡು ಹೋದರೆ ಬಸ್ಸಿನ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಜಮೀನನ್ನು ಅಡ್ಡಹಾಯ್ದರೆ ನಾಲ್ಕೇ ನಿಮಿಷ. ಹೀಗಿರಲು ಸುತ್ತಿ ಹೋಗುವವರು ಯಾರು? ಮೊದಲು ಹಾಲಿನವನು ಹೋದನು. ಅವನ ಹಿಂದೆ ಶಾಲೆಯ ಮಕ್ಕಳು ಹೋದರು. ಆಮೇಲೆ ತರಕಾರಿಯ ಚೀಲ ಹಿಡಿದ ಗೃಹಿಣಿಯರೂ, ಕಚೇರಿಗೆ ಹೊತ್ತಾಯಿತೆಂದು ಓಡುವ ಗೃಹಸ್ಥರೂ ಹೋದರು. ಎರಡು ಮಳೆಗಾಲಗಳು ಕಳೆಯುವುದರೊಳಗಾಗಿ ಹುಲ್ಲಿನ ನಡುವೆ ಎರಡು ಗೇಣು ಅಗಲದ ಕೆಮ್ಮಣ್ಣಿನ ಗೆರೆಯೊಂದು ಎದ್ದು ಕಂಡಿತು. ಅದನ್ನು ನಗರಸಭೆಯವರು ಮಾಡಿಸಲಿಲ್ಲ, ಇಂಜಿನಿಯರು ಅಳೆಯಲಿಲ್ಲ, ಕಂಟ್ರಾಕ್ಟರು ಬಿಲ್ಲು ಬರೆಯಲಿಲ್ಲ. ಜನರ ಕಾಲುಗಳೇ ಅದನ್ನು ಮಾಡಿದುವು.

ಇಂಥ ದಾರಿಗಳಿಲ್ಲದ ಊರಿಲ್ಲ. ಕಾಲುದಾರಿ, ಒಳದಾರಿ, ಅಡ್ಡದಾರಿ, ಸೀಳುದಾರಿ ಎಂದು ನಮ್ಮ ಭಾಷೆಯಲ್ಲಿ ಅವುಗಳಿಗೆ ಹಲವು ಹೆಸರುಗಳುಂಟು. ಮಲೆನಾಡಿನಲ್ಲಿ ತೋಟದಿಂದ ತೋಟಕ್ಕೆ ಹೋಗುವ ದಾರಿಯು ಹಳ್ಳವನ್ನು ದಾಟುವೆಡೆಯಲ್ಲಿ ಮರದ ಕಾಲುಸಂಕವಿರುವುದು. ಬಯಲುಸೀಮೆಯಲ್ಲಿ ಎಷ್ಟೋ ಕಡೆ ಹೊಲದ ಬದುವೇ ದಾರಿ. ಇಂಗ್ಲಿಷಿನವರು ಇದನ್ನು ‘ಬಯಕೆಯ ದಾರಿ’ ಎಂಬರ್ಥದಲ್ಲಿ ಡಿಸೈರ್ ಪಾತ್ ಎನ್ನುವರು. ಡಚ್ಚರು ‘ಆನೆಯ ದಾರಿ’ ಎಂದು ಕರೆಯುವರು. ಇಂಥ ದಾರಿಯನ್ನು ನಕ್ಷೆಯಲ್ಲಿ ಬರೆಯಬೇಕೆ, ಬರೆದರೆ ಯಾವ ಹೆಸರಿನಿಂದ ಬರೆಯಬೇಕು ಎಂಬುದು ಮೇಲುನೋಟಕ್ಕೆ ಅಲ್ಪ ವಿಷಯವೆಂದು ತೋರಬಹುದು. ನನಗೂ ಹಾಗೆಯೇ ತೋರಿದ್ದಿತು. ಕಳೆದ ಶ್ರಾವಣಮಾಸದ ಒಂದು ಸಂಜೆ ಆ ಭಾವನೆಯು ಬದಲಾಯಿತು.

ಅಂದು ನನ್ನ ತಂಗಿಯು ತನ್ನ ಅತ್ತೆಯವರನ್ನೂ ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬರುವವಳಿದ್ದಳು. ಬಸ್ಸಿನಿಂದ ಇಳಿಯುವ ಹೊತ್ತಿಗೆ ಕತ್ತಲಾಗಿದ್ದಿತು, ಮಳೆ ಹನಿಯುತ್ತಿದ್ದಿತು. ಹುಡುಗನ ಕೈಯಲ್ಲಿದ್ದ ಮೊಬೈಲಿನ ನಕ್ಷೆಯು ಆ ಖಾಲಿ ಜಮೀನಿನ ದಾರಿಯನ್ನೇ ತೋರಿಸಿ, ನಾಲ್ಕು ನಿಮಿಷವೆಂದು ಹೇಳಿತು. ಆದರೆ ಜಮೀನಿನ ಒಡೆಯರು ಅದಕ್ಕೆ ಒಂದು ತಿಂಗಳ ಹಿಂದೆಯೇ ಊರಿಗೆ ಬಂದು, ಒಂದು ಪಕ್ಕಕ್ಕೆ ಗೋಡೆ ಎಬ್ಬಿಸಿ, ಅದರ ಮುಂದೆ ಕಟ್ಟಡಕ್ಕಾಗಿ ಆಳುದ್ದದ ಪಾಯ ತೋಡಿಸಿದ್ದರು. ಕೆಮ್ಮಣ್ಣಿನ ಗೆರೆಯನ್ನು ಹಿಡಿದು ನಡೆದ ಮೂವರೂ ಪಾಯದ ಅಂಚಿಗೆ ಎರಡು ಮಾರು ದೂರದಲ್ಲಿ ನಿಂತರು. ದೈವಕೃಪೆಯಿಂದ ಹುಡುಗನು ದೀಪವನ್ನು ಮುಂದಕ್ಕೆ ಹಿಡಿದಿದ್ದನು. ಎಪ್ಪತ್ತು ದಾಟಿದ ಆ ವೃದ್ಧೆಯವರು ಮಂಡಿಯ ನೋವಿನಲ್ಲಿ, ಕೆಸರಿನಲ್ಲಿ, ಬಂದ ದಾರಿಯನ್ನೇ ಹಿಂದಿರುಗಿ ನಡೆದು, ಬೀದಿಯನ್ನೆಲ್ಲ ಸುತ್ತಿ ನಮ್ಮ ಜಗಲಿಯನ್ನೇರಿದರು. “ಏನಪ್ಪಾ, ನಿಮ್ಮ ಊರಿನಲ್ಲಿ ದಾರಿಗೂ ಗೋಡೆ ಹಾಕುವರೇ?” ಎಂದು ಅವರು ನಗುತ್ತಲೇ ಕೇಳಿದರು. ನನಗೆ ನಗಲಾಗಲಿಲ್ಲ.

ಊಟವಾದ ಮೇಲೆ ನಾನು ಆ ನಕ್ಷೆಯನ್ನು ಮಾಡಿದವರನ್ನು ನಿಂದಿಸತೊಡಗಿದೆನು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನು, “ಮಾವ, ಇದನ್ನು ಮಾಡಿದವರು ಯಾವ ಕಂಪನಿಯವರೂ ಅಲ್ಲ, ನಮ್ಮಂಥವರೇ. ತಪ್ಪಿದ್ದರೆ ನಾವೇ ತಿದ್ದಬಹುದು” ಎಂದನು. “ಹಾಗಾದರೆ ಈಗಲೇ ಆ ಗೆರೆಯನ್ನು ಅಳಿಸಿಬಿಡು. ಅದೊಂದೇ ಏಕೆ, ಸರ್ಕಾರದ ಒಪ್ಪಿಗೆಯಿಲ್ಲದ ಇಂಥ ಕಳ್ಳದಾರಿಗಳನ್ನೆಲ್ಲ ಅಳಿಸಿಬಿಡು” ಎಂದೆನು. ಅವನು, “ಅಳಿಸುವುದು ಒಂದು ಕ್ಷಣದ ಕೆಲಸ, ಮಾವ. ಆದರೆ ಅಳಿಸಿದರೆ ನಿಜವಾಗುವುದೋ ಸುಳ್ಳಾಗುವುದೋ ನೋಡಬೇಕಲ್ಲ” ಎಂದನು. ಅವನ ಆ ಮಾತಿನಿಂದ ಹೊರಟ ವಿಚಾರವನ್ನೇ ವಾಚಕರ ಮುಂದಿಡುತ್ತಿರುವೆನು.

ಮೊದಲು ಆ ನಕ್ಷೆಯ ವೃತ್ತಾಂತವನ್ನು ತಿಳಿಯತಕ್ಕದ್ದು. ಅದರ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. ಇಂಗ್ಲೆಂಡಿನಲ್ಲಿ ಸರ್ಕಾರದ ಭೂಮಾಪನ ಇಲಾಖೆಯ ನಕ್ಷೆಗಳನ್ನು ಬಳಸಲು ಹಣ ತೆತ್ತು ಅನುಮತಿ ಪಡೆಯಬೇಕಾಗಿದ್ದ ಕಾಲದಲ್ಲಿ, 2004ನೆಯ ಇಸವಿಯಲ್ಲಿ, ಸ್ಟೀವ್ ಕೋಸ್ಟ್ ಎಂಬವರು ಇದನ್ನು ಆರಂಭಿಸಿದರು. ಹೆಸರು ನೋಂದಾಯಿಸಿಕೊಂಡ ಯಾರೇ ಆಗಲಿ ತಮ್ಮ ಊರಿನ ಬೀದಿ, ಬಾವಿ, ಗುಡಿ, ಶಾಲೆಗಳನ್ನು ಇದರಲ್ಲಿ ಬರೆಯಬಹುದು. ಇತರರು ಬರೆದುದನ್ನು ತಿದ್ದಲೂಬಹುದು. ಇಂದು ಇದು ಲೋಕವನ್ನೆಲ್ಲ ವ್ಯಾಪಿಸಿರುವುದು. ಕನ್ನಡದಲ್ಲಿ ಊರುಗಳ ಹೆಸರನ್ನು ಬರೆಯಲೂ ಇದರಲ್ಲಿ ಅವಕಾಶವುಂಟು. ಮೊಬೈಲಿನಲ್ಲಿ ದಾರಿ ತೋರಿಸುವ ಅನೇಕ ಆ್ಯಪ್‌ಗಳು ಈ ನಕ್ಷೆಯಲ್ಲಿರುವುದನ್ನೇ ಎತ್ತಿಕೊಂಡು ಬಳಸುವುವು. ಈ ಕೆಲಸದಲ್ಲಿ ತೊಡಗಿದವರ ಮುಖ್ಯ ನಿಯಮವೊಂದೇ: ನೆಲದ ಮೇಲೆ ಇರುವುದನ್ನು ಬರೆ, ಮತ್ತೊಬ್ಬನು ಹೋಗಿ ನೋಡಿದರೆ ಅವನಿಗೂ ಕಾಣುವಂಥದನ್ನು ಬರೆ. ಈ ನಿಯಮದ ಪ್ರಕಾರ, ಜನರು ತುಳಿದು ಮೂಡಿದ ದಾರಿಯೂ ದಾರಿಯೇ ಸರಿ. ಅದಕ್ಕೆ ಯಾರ ಮುದ್ರೆಯೂ ಬೇಕಾಗಿಲ್ಲ.

ಆದರೆ ಇದರಿಂದ ಅನರ್ಥಗಳೂ ಆಗುವುದುಂಟು. ಅಮೆರಿಕಾ ದೇಶದ ಯೂಟಾ ಪ್ರಾಂತದಲ್ಲಿ ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನಗಳಿರುವುವು. ಅಲ್ಲಿಯ ಮರುಭೂಮಿಯ ಮಣ್ಣಿನ ಮೇಲೆ ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆಗಳು ಕೂಡಿಕೊಂಡು ಒಂದು ಜೀವಂತವಾದ ತೆಳುಪದರವನ್ನು ಕಟ್ಟಿರುವುವು. ಮಣ್ಣು ಗಾಳಿಗೆ ಹಾರದಂತೆಯೂ ಮಳೆಗೆ ಕೊಚ್ಚಿಹೋಗದಂತೆಯೂ ಹಿಡಿದಿಡುವುದು ಆ ಪದರವೇ. ಒಂದು ಹೆಜ್ಜೆಯಿಟ್ಟರೆ ಅದು ಪುಡಿಯಾಗುವುದು. ಮತ್ತೆ ಕೂಡಿಕೊಳ್ಳಲು ಹಲವು ದಶಕಗಳೇ ಹಿಡಿಯಬಹುದು. ವಾಷಿಂಗ್ಟನ್ ಪ್ರಾಂತದ ರೇನಿಯರ್ ಪರ್ವತದ ಮೇಲಣ ಹೂವಿನ ಹುಲ್ಲುಗಾವಲುಗಳದೂ ಇದೇ ಕಥೆ. ವರ್ಷದ ಬಹುಭಾಗ ಹಿಮದಡಿಯಲ್ಲಿರುವ ಆ ಗಿಡಗಳಿಗೆ ಬೆಳೆಯಲು ದೊರೆಯುವುದು ಕೆಲವೇ ವಾರಗಳು; ಒಬ್ಬನು ಚಿತ್ರ ತೆಗೆಯಲು ದಾರಿ ಬಿಟ್ಟು ಇಳಿದರೆ ಅವನ ಹೆಜ್ಜೆಯ ಮೇಲೆ ನೂರು ಜನ ಇಳಿಯುವರು. ಉದ್ಯಾನದವರು ಅಂಥ ದಾರಿಗಳಿಗೆ ಮಣ್ಣು ತುಂಬಿ ಸಸಿಗಳನ್ನು ನೆಟ್ಟು ವಾಸಿಮಾಡುತ್ತಿರುವರು. ಹೀಗೆ ನೆಲವನ್ನು ವಾಸಿಮಾಡುವಾಗ ನಕ್ಷೆಯೊಂದು ಆ ಗೆರೆಯನ್ನು ದಾರಿಯೆಂದು ತೋರಿಸಿದರೆ ಅವರಿಗೆ ಎಷ್ಟು ಸಂಕಟವಾಗಲಾರದು?

ಅಪಾಯವು ಗಿಡಗಳಿಗೆ ಮಾತ್ರವಲ್ಲ. 2021ನೆಯ ಇಸವಿಯ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿಗಳ ಸಂಸ್ಥೆಯವರು ಒಂದು ಎಚ್ಚರಿಕೆಯನ್ನು ಕೊಟ್ಟರು. 1,345 ಮೀಟರು ಎತ್ತರದ ಬೆನ್ ನೆವಿಸ್ ಶಿಖರಕ್ಕೆ ದಾರಿ ಕೇಳಿದವರಿಗೆ ಜಗತ್ಪ್ರಸಿದ್ಧವಾದೊಂದು ನಕ್ಷೆಯು, ಶಿಖರಕ್ಕೆ ಅತಿ ಸಮೀಪದ ವಾಹನ ನಿಲ್ದಾಣದವರೆಗೆ ಕರೆದೊಯ್ದು, ಅಲ್ಲಿಂದ ಮೇಲಕ್ಕೆ ಚುಕ್ಕೆಗಳ ಗೆರೆಯೊಂದನ್ನು ಎಳೆದು ತೋರಿಸುತ್ತಿದ್ದಿತಂತೆ. ಆ ಗೆರೆಯು ಕಡಿದಾದ ಬಂಡೆಗಳ ಕಡೆಗೆ ಒಯ್ಯುವಂಥದು. ನುರಿತವರಿಗೂ ಪ್ರಾಣಾಂತಿಕವಾಗಬಲ್ಲುದೆಂದು ಆ ಸಂಸ್ಥೆಯವರು ಹೇಳಿದರು. ಇದು ಜನರೇ ಬರೆಯುವ ನಕ್ಷೆಯ ತಪ್ಪಲ್ಲವಾದರೂ ಪಾಠವು ಎಲ್ಲ ನಕ್ಷೆಗಳಿಗೂ ಒಂದೇ: ಗೆರೆಯನ್ನು ಕಂಡವನು ಅದನ್ನು ದಾರಿಯೆಂದೇ ನಂಬುವನು, ದಾರಿಯೆಂದು ನಂಬಿದವನು ಕಾಲಿಡುವನು.

ಇಷ್ಟನ್ನು ಕೇಳಿದವರು, “ಹಾಗಾದರೆ ಅಳಿಸುವುದೇ ಲೇಸು” ಎನ್ನುವರು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಷ್ಟೆ. ಇಂಗ್ಲೆಂಡಿನಲ್ಲಿ 1932ನೆಯ ಇಸವಿ ಏಪ್ರಿಲ್ 24ರಂದು ನೂರಾರು ಮಂದಿ ಸಾಮಾನ್ಯ ಜನರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅನುಮತಿಯಿಲ್ಲದೆ ಹತ್ತಿದರು. ಆ ಬೆಟ್ಟವನ್ನು ಶ್ರೀಮಂತರು ಬೇಟೆಗಾಗಿ ಕಾದಿರಿಸಿಕೊಂಡಿದ್ದರು. ಐವರು ಸೆರೆಮನೆಗೆ ಹೋದರು. ಮುಂದೆ 1949ರಲ್ಲಿ ಬಂದ ಕಾನೂನಿನ ಪ್ರಕಾರ ಸ್ಥಳೀಯ ಆಡಳಿತಗಳು ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ದಾರಿಗಳ ನಕ್ಷೆಯನ್ನು ಸಿದ್ಧಪಡಿಸಬೇಕಾಯಿತು. ಆ ನಕ್ಷೆಯಲ್ಲಿರುವುದು ನ್ಯಾಯಾಲಯಕ್ಕೂ ನಿರ್ಣಾಯಕವಾದ ಪ್ರಮಾಣ. ಆದರೆ ಎಷ್ಟೋ ದಾರಿಗಳು ಅದರಲ್ಲಿ ಸೇರದೆಯೇ ಉಳಿದುವು. 2020ನೆಯ ಇಸವಿಯಲ್ಲಿ ರ‍್ಯಾಂಬ್ಲರ್ಸ್ ಎಂಬ ಪಾದಚಾರಿಗಳ ಸಂಘದ ಸ್ವಯಂಸೇವಕರು ಹಳೆಯ ನಕ್ಷೆಗಳನ್ನೂ ಹೊಸ ನಕ್ಷೆಗಳನ್ನೂ ಹೋಲಿಸಿ ನೋಡಿದಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಗೆ ಬಿಟ್ಟುಹೋಗಿರಬಹುದಾದ ದಾರಿಗಳ ಉದ್ದವು 49,000 ಮೈಲಿಗಳನ್ನು ಮೀರಿದುದು ಕಂಡುಬಂದಿತು. ಕಾಗದದಲ್ಲಿ ಇಲ್ಲದ ದಾರಿಯು ಕ್ರಮೇಣ ನೆಲದಲ್ಲಿಯೂ ಇಲ್ಲವಾಗುವುದು. ಬೇಲಿ ಹಾಕುವವನನ್ನು ಕೇಳುವವರಿರುವುದಿಲ್ಲ.

ನಮ್ಮ ದೇಶದಲ್ಲಿಯೂ ತುಳಿದ ದಾರಿಗೆ ಬೆಲೆಯಿಲ್ಲವೆಂದಲ್ಲ. ಹಳ್ಳಿಗಳ ಗ್ರಾಮನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗುರುತಿಸಿರುವುದನ್ನು ಹಲವರು ನೋಡಿರಬಹುದು. 1882ನೆಯ ಇಸವಿಯ ಅನುಭೋಗದ ಹಕ್ಕುಗಳ ಕಾನೂನಿನಂತೆ, ಇನ್ನೊಬ್ಬರ ನೆಲದ ಮೇಲಣ ದಾರಿಯನ್ನು ಶಾಂತವಾಗಿ, ಬಹಿರಂಗವಾಗಿ, ತನ್ನ ಹಕ್ಕೆಂದು, ತಡೆಯಿಲ್ಲದೆ 20 ವರ್ಷಗಳ ಕಾಲ ಬಳಸಿದವನಿಗೆ ಆ ಹಕ್ಕು ಸಿದ್ಧಿಸಬಹುದು. ಸರ್ಕಾರದ ನೆಲವಾದರೆ 30 ವರ್ಷಗಳು ಬೇಕು. ನಮ್ಮ ಬಡಾವಣೆಯ ದಾರಿಗೆ ಹನ್ನೆರಡು ವರ್ಷಗಳೂ ತುಂಬಿರಲಿಲ್ಲ. ಆದುದರಿಂದ ಒಡೆಯರು ಗೋಡೆ ಕಟ್ಟಿಸಿದುದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ತಲೆತಲಾಂತರದಿಂದ ಒಂದು ಕೇರಿಯವರು ನೀರಿಗೂ ಮಸಣಕ್ಕೂ ನಡೆದ ದಾರಿಯನ್ನು, ಸರ್ಕಾರದ ಮುದ್ರೆಯಿಲ್ಲವೆಂಬ ಒಂದೇ ಕಾರಣದಿಂದ, ದೂರದಲ್ಲಿ ಕುಳಿತವನೊಬ್ಬನು ‘ಕಳ್ಳದಾರಿ’ಯೆಂದು ಅಳಿಸುವುದು ಯಾವ ನ್ಯಾಯ?

ಈ ಉಭಯಸಂಕಟದಿಂದ ಪಾರಾಗಲು ನಕ್ಷೆ ಬರೆಯುವವರು ಕಂಡುಕೊಂಡ ಉಪಾಯವು ಸರಳವಾದುದು. ಒಂದು ಪ್ರಶ್ನೆಯನ್ನು ಅವರು ಹಲವು ಪ್ರಶ್ನೆಗಳಾಗಿ ಬಿಡಿಸಿದರು. ದಾರಿ ಇರುವುದೇ? ಇದ್ದರೆ ‘ಪಾತ್’ ಅಥವಾ ‘ಫುಟ್‌ವೇ’ ಎಂದು ಗೆರೆಯೆಳೆ. ಅದು ಹೇಗೆ ಹುಟ್ಟಿತು? ಯಾರೂ ಕಟ್ಟದೆ ಜನರ ತುಳಿತದಿಂದಲೇ ಹುಟ್ಟಿದ್ದರೆ ‘ಇನ್‌ಫಾರ್ಮಲ್’ ಎಂಬ ಗುರುತನ್ನು ಸೇರಿಸು. ಅದರಲ್ಲಿ ನಡೆಯುವ ಹಕ್ಕು ಯಾರಿಗೆ? ಇದಕ್ಕೆ ‘ಆ್ಯಕ್ಸೆಸ್’ ಎಂಬ ಬೇರೆಯ ಗುರುತು. ಎಲ್ಲರಿಗೂ ಹಕ್ಕಿದ್ದರೆ ‘ಯೆಸ್’, ಒಡೆಯನ ಸೌಜನ್ಯದಿಂದ ತೆರೆದಿದ್ದರೆ ‘ಪರ್ಮಿಸಿವ್’, ಖಾಸಗಿಯಾದರೆ ‘ಪ್ರೈವೇಟ್’, ನಿಷಿದ್ಧವಾದರೆ ‘ನೋ’. ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುವುದು? ಅದಕ್ಕೆ ಆರು ಮೆಟ್ಟಿಲುಗಳ ಅಳತೆಯೊಂದುಂಟು. ಬೆಟ್ಟದ ದಾರಿಯಾದರೆ ಎಷ್ಟು ಕಠಿಣ? ಅದಕ್ಕೆ ಸ್ವಿಸ್ ಆಲ್ಪೈನ್ ಕ್ಲಬ್ಬಿನವರು ಮಾಡಿದ ಕ್ರಮವನ್ನು ಅನುಸರಿಸಿದ ಇನ್ನೊಂದು ಅಳತೆ.

ಇವುಗಳಲ್ಲಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಬೇರ್ಪಡಿಸಿದುದೇ ಬಹಳ ಮುಖ್ಯವಾದುದು. ನಾನು ಅಂದು ಕೋಪದಲ್ಲಿ ಮಾಡಿದ ತಪ್ಪು ಇದೇ: ಯಾರೂ ಕಟ್ಟದ ದಾರಿಯೆಂದರೆ ನಿಷಿದ್ಧವಾದ ದಾರಿಯೆಂದು ಭಾವಿಸಿದ್ದೆನು. ಹಾಗಲ್ಲ. ಸ್ಕಾಟ್ಲೆಂಡಿನಲ್ಲಿ 2003ನೆಯ ಇಸವಿಯ ಕಾನೂನಿನಂತೆ, ಹೊಣೆಯರಿತು ನಡೆಯುವವರಿಗೆ ಬಹುಪಾಲು ನೆಲವೆಲ್ಲ ತೆರೆದಿರುವುದು. ಅಲ್ಲಿ ತುಳಿದು ಮೂಡಿದ ದಾರಿಯಲ್ಲಿ ಹೋಗುವವನು ಅಪರಾಧಿಯಲ್ಲ. ಅದಕ್ಕೆ ವಿರುದ್ಧವಾಗಿ, ಸರ್ಕಾರವೇ ಕಟ್ಟಿಸಿದ ಒಳ್ಳೆಯ ದಾರಿಯೂ ಕೆಲವು ಕಾಲ ಮುಚ್ಚಿರಬಹುದು. ನಮ್ಮ ಕುಮಾರಪರ್ವತದ ದಾರಿ ಎಲ್ಲರೂ ಬಲ್ಲುದು. 2024ನೆಯ ಜನವರಿ ತಿಂಗಳ ಕೊನೆಯಲ್ಲಿ ರಜೆಯ ದಿನಗಳಲ್ಲಿ ಸಾವಿರಾರು ಜನರು ಒಮ್ಮೆಲೇ ಅಲ್ಲಿಗೆ ನುಗ್ಗಿದುದರಿಂದ, ಮುಂಚಿತವಾಗಿ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವ ಏರ್ಪಾಡಿಲ್ಲದ ಚಾರಣಗಳನ್ನು ಸರ್ಕಾರವು ಕೆಲಕಾಲ ತಡೆಹಿಡಿಯಿತು. ದಾರಿಯು ಎಂದಿನಂತೆಯೇ ಇದ್ದಿತು. ಅಪ್ಪಣೆ ಮಾತ್ರ ಇರಲಿಲ್ಲ. ದಾರಿ ಹುಟ್ಟಿದ ಬಗೆ ಬೇರೆ, ಅದರಲ್ಲಿ ನಡೆಯುವ ಹಕ್ಕು ಬೇರೆ.

“ನಿಷಿದ್ಧವಾದ ದಾರಿಯನ್ನು ಬರೆದು ‘ನೋ’ ಎನ್ನುವುದಕ್ಕಿಂತ ಬರೆಯದಿರುವುದೇ ಮೇಲಲ್ಲವೇ?” ಎಂದು ನಾನು ಕೇಳಿದೆನು. ಅಳಿಯನು ಕೊಟ್ಟ ಉತ್ತರವು ನನಗೆ ಒಪ್ಪಿಗೆಯಾಯಿತು. ನೆಲದಲ್ಲಿ ಗೆರೆಯಿದ್ದು ನಕ್ಷೆಯಲ್ಲಿ ಇಲ್ಲದಿದ್ದರೆ, ನಾಳೆ ಇನ್ನೊಬ್ಬನು ಉಪಗ್ರಹದ ಚಿತ್ರದಲ್ಲಿ ಅದನ್ನು ಕಂಡು, “ಇದೊಂದು ಬಿಟ್ಟುಹೋಗಿದೆ” ಎಂದು ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಬರೆಯುವನು. ಅವನಿಗೆ ನಿಷೇಧದ ಸಂಗತಿ ತಿಳಿದಿರುವುದಿಲ್ಲ. ‘ನೋ’ ಎಂದು ಬರೆದಿಟ್ಟ ಗೆರೆಯಾದರೋ ಮುಂದೆ ಬರುವವರಿಗೆಲ್ಲ ಎಚ್ಚರಿಕೆಯನ್ನು ಹೇಳುತ್ತ ನಿಂತಿರುವುದು; ದಾರಿ ಹುಡುಕಿಕೊಡುವ ಆ್ಯಪ್ ಸರಿಯಾಗಿ ಮಾಡಿದ್ದಾದರೆ ಅದನ್ನು ಬಿಟ್ಟು ಬೇರೆ ದಾರಿಯನ್ನು ಆರಿಸುವುದು. ಉದ್ಯಾನದವರು ಸಸಿ ನೆಟ್ಟು ಹಳೆಯ ಜಾಡೆಲ್ಲ ಮಾಯವಾಯಿತೆಂದಾದರೆ ಆಗ ಅಳಿಸುವುದು ಧರ್ಮ. ಗಾಯವು ವಾಸಿಯಾಗುವ ಮೊದಲೇ ಪಟ್ಟಿಯನ್ನು ಬಿಚ್ಚಬಾರದಷ್ಟೆ.

ಆದರೂ ಒಂದು ಕೊರತೆಯನ್ನು ಮರೆಮಾಚಲಾಗದು. ಬರೆಯುವವರು ಎಷ್ಟೇ ವಿವೇಚನೆಯಿಂದ ಗುರುತುಗಳನ್ನು ಸೇರಿಸಿದರೂ, ಅವುಗಳನ್ನು ಬಳಸುವ ಹಲವು ಆ್ಯಪ್‌ಗಳು ಗೆರೆಯನ್ನು ಮಾತ್ರ ತೆಗೆದುಕೊಂಡು ಗುರುತನ್ನು ಬಿಟ್ಟುಬಿಡುವುವು. ಹಾಲಿನ ಪಾತ್ರೆಗೂ ಸುಣ್ಣದ ಪಾತ್ರೆಗೂ ಚೀಟಿ ಅಂಟಿಸಿಟ್ಟರೂ, ಚೀಟಿಯನ್ನು ಓದದೆ ಬಡಿಸುವವನಿಂದ ಏನು ಪ್ರಯೋಜನ? ಇನ್ನು ಕೆಲವು ಆ್ಯಪ್‌ಗಳು ಹಳೆಯ ಪ್ರತಿಯನ್ನೇ ಮೊಬೈಲಿನಲ್ಲಿ ಇಟ್ಟುಕೊಂಡಿರುವುದರಿಂದ, ಇಂದು ತಿದ್ದಿದುದು ಕೆಲವು ವಾರಗಳವರೆಗೆ ಕಾಣದೆಯೂ ಇರಬಹುದು. ಆದಕಾರಣ ನೋಡುವವರ ಕಣ್ಣಿಗೂ ಸ್ವಲ್ಪ ಶಿಕ್ಷಣ ಬೇಕು.

ಮರುದಿನ ಬೆಳಗ್ಗೆ ಮಳೆ ನಿಂತಿದ್ದಿತು. ನಾವಿಬ್ಬರೂ ಕಾಫಿ ಕುಡಿದು, ಮೊಬೈಲನ್ನೂ ಕೊಡೆಯನ್ನೂ ಹಿಡಿದು ಹೊರಟೆವು. ಮೊದಲು ಖಾಲಿ ಜಮೀನಿಗೆ ಹೋದೆವು. ಗೋಡೆ, ಪಾಯಗಳಿರುವಲ್ಲಿ ದಾರಿಯು ನಿಜವಾಗಿಯೂ ಇಲ್ಲವಾಗಿದ್ದಿತು. ಅಷ್ಟನ್ನು ಅಳಿಯನು ಅಳಿಸಿ, ಗೋಡೆಯನ್ನು ಬರೆದನು. ಉಳಿದ ತುಂಡು ಇನ್ನೂ ಕಾಣುತ್ತಿದ್ದುದರಿಂದ ಅದಕ್ಕೆ ‘ಇನ್‌ಫಾರ್ಮಲ್’ ಎಂದೂ ‘ಪ್ರೈವೇಟ್’ ಎಂದೂ ಗುರುತು ಹಾಕಿ, ತಿದ್ದಿದುದರ ಕಾರಣವನ್ನು ಕೆಳಗೆ ಬರೆದನು. ಎರಡನೆಯದಾಗಿ, ಊರ ಹೊರಗಿನ ಗುಡ್ಡದ ದೇವಸ್ಥಾನಕ್ಕೆ ಹಿಂಭಾಗದಿಂದ ಹತ್ತುವ ದಾರಿಗೆ ಹೋದೆವು. ಮುಂದಿನ ಮೆಟ್ಟಿಲುಗಳು ದೇವಸ್ಥಾನದವರು ಕಟ್ಟಿಸಿದುವು. ಹಿಂದಿನದು ಭಕ್ತರೂ ದನಕಾಯುವವರೂ ತುಳಿದು ಮಾಡಿದುದು. ಅರ್ಚಕರನ್ನು ವಿಚಾರಿಸಲು, “ಯಾರು ಬೇಕಾದರೂ ಬರಬಹುದು ಸ್ವಾಮಿ, ಇದು ಊರೊಟ್ಟಿನ ಗುಡ್ಡ” ಎಂದರು. ಅದಕ್ಕೆ ‘ಇನ್‌ಫಾರ್ಮಲ್’ ಎಂದೂ ‘ಯೆಸ್’ ಎಂದೂ ಬರೆದುದಾಯಿತು.

ಮೂರನೆಯದು ರೈಲುಮಾರ್ಗದ ಹತ್ತಿರದ ದಾರಿ. ಎರಡು ಬೀದಿಗಳ ನಡುವೆ ಹಳಿಗಳನ್ನು ಅಡ್ಡಹಾಯ್ದು ಹೋಗುವ ಆ ದಾರಿಯನ್ನು ಯಾರೋ ಪುಣ್ಯಾತ್ಮರು ನಕ್ಷೆಯಲ್ಲಿ ಬರೀ ‘ಪಾತ್’ ಎಂದು ಬರೆದಿದ್ದರು. ಆದುದರಿಂದ ಶಾಲೆಗೆ ದಾರಿ ಕೇಳಿದ ಮಗುವಿಗೂ ಮೊಬೈಲು ಅದನ್ನೇ ತೋರಿಸುವುದು. ನಾವು ನಿಂತಿದ್ದಂತೆಯೇ ಚೀಲ ಹೊತ್ತ ಇಬ್ಬರು ಹುಡುಗಿಯರು ಎಡಬಲ ನೋಡಿ ಓಡಿ ದಾಟಿದರು. ಹೀಗೆ ಹಳಿಯ ಮೇಲೆ ಅಕ್ರಮವಾಗಿ ಹೋಗುವುದು 1989ನೆಯ ಇಸವಿಯ ರೈಲ್ವೆ ಕಾನೂನಿನಂತೆ ಅಪರಾಧ. ಅಪರಾಧಕ್ಕಿಂತ ಮಿಗಿಲಾಗಿ ಅದು ಪ್ರಾಣದ ಪ್ರಶ್ನೆ. ಅಳಿಯನು ನನ್ನ ಮುಖವನ್ನು ನೋಡಿದನು. “ಅಳಿಸಬೇಡ; ‘ನೋ’ ಎಂದು ಬರೆ. ದಾರಿಯಿರುವುದು ನಿಜ, ನಡೆಯಬಾರದೆಂಬುದೂ ನಿಜ. ಎರಡನ್ನೂ ಬರೆ” ಎಂದು ನಾನೇ ಹೇಳಿದೆನು. ಅಲ್ಲಿಗೊಂದು ಮೇಲುಸೇತುವೆ ಬೇಕೆಂದು ನಾವು ಬಡಾವಣೆಯವರು ಬರೆದ ಅರ್ಜಿಗೆ ಆ ಗೆರೆಯ ಚಿತ್ರವನ್ನೇ ಲಗತ್ತಿಸಿದ್ದೇವೆ. ಅಳಿಸಿದ್ದರೆ, ಅಲ್ಲಿ ಜನ ದಾಟುವರೆಂಬುದನ್ನು ತೋರಿಸಲು ನಮ್ಮ ಕೈಯಲ್ಲಿ ಏನಿರುತ್ತಿದ್ದಿತು?

ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ. ಮೊಬೈಲಿನ ನಕ್ಷೆಯಲ್ಲಿ ಸಣ್ಣ ಚುಕ್ಕೆಗೆರೆಯನ್ನು ಕಂಡಾಗ ಅದನ್ನು ಸುದ್ದಿಯೆಂದು ತಿಳಿಯಿರಿ, ಅಪ್ಪಣೆಯೆಂದು ತಿಳಿಯಬೇಡಿ. ಕತ್ತಲಲ್ಲಿಯೂ ಮಳೆಯಲ್ಲಿಯೂ ವೃದ್ಧರೂ ಮಕ್ಕಳೂ ಜೊತೆಯಲ್ಲಿರುವಾಗಲೂ ಸುತ್ತಾದರೂ ಬೀದಿಯನ್ನೇ ಹಿಡಿಯಿರಿ. ಬೆಟ್ಟಕಾಡುಗಳಿಗೆ ಹೋಗುವ ಮಕ್ಕಳಿಗೆ, “ದಾರಿ ಇದೆಯೇ?” ಎಂದು ಮಾತ್ರವಲ್ಲದೆ, “ಹೋಗಬಹುದೇ?” ಎಂದೂ ಕೇಳುವ ಅಭ್ಯಾಸವನ್ನು ಕಲಿಸಿರಿ. ನಿಮ್ಮ ಬೀದಿಯ ದಾರಿ ತಪ್ಪಾಗಿ ಬರೆದಿದ್ದರೆ, ಮನೆಯ ಹುಡುಗರನ್ನು ಜೊತೆಗೆ ಕರೆದುಕೊಂಡು ನಡೆದುಹೋಗಿ, ಕಣ್ಣಾರೆ ಕಂಡು, ಕೇಳಬೇಕಾದವರನ್ನು ಕೇಳಿ, ತಿದ್ದಿಸಿರಿ. ನಮ್ಮ ಬಡಾವಣೆಯ ಗೆರೆಯನ್ನು ಗೋಡೆಯೆದ್ದ ದಿನವೇ ಒಬ್ಬರು ತಿದ್ದಿದ್ದರೆ ಆ ವೃದ್ಧೆಯವರು ಪಾಯದ ಅಂಚಿನವರೆಗೆ ಹೋಗುತ್ತಿರಲಿಲ್ಲ. ಆ ಒಬ್ಬರು ನಾನೇ ಆಗಬಹುದಾಗಿತ್ತು. ಗೋಡೆಯನ್ನು ದಿನವೂ ನೋಡುತ್ತಿದ್ದವನು ನಾನು.